ಕೆಸರಾಗದ ಬೂಟು

ನೆಲದಡಿಯ ಮೆಟ್ರೊ ನಿಲ್ದಾಣಕ್ಕೆ ತೋಡಿದ ಹಳ್ಳವನ್ನು ಮೊದಲ ದಿನ ಕಂಡ ವರುಣ, ಗೋಡೆಯಿಂದ ಗೋಡೆಗೆ ಅಡ್ಡಡ್ಡ ಚಾಚಿದ್ದ ದಪ್ಪ ಉಕ್ಕಿನ ಕೊಳವೆಗಳನ್ನು ನೋಡಿ ಮಂಡ್ಯಕ್ಕೆ ಫೋನು ಹಚ್ಚಿದ್ದ. "ಅಮ್ಮ, ಚೆನ್ನೈಗೆ ಇನ್ನು ನೀರಿನ ತಾಪತ್ರಯ ಇಲ್ಲ ಕಣಮ್ಮ. ಅಂಥಾ ಪೈಪ್ ಹಾಕವ್ರೆ!" ಸಿವಿಲ್ ಎಂಜಿನಿಯರಿಂಗಿನಲ್ಲಿ ಫಸ್ಟ್ ಕ್ಲಾಸು ಬೇರೆ.

ಪಕ್ಕದಲ್ಲಿದ್ದ ಮೇಸ್ತ್ರಿ ಸಂಜೀವ ನಗಲಿಲ್ಲ. "ಅದರೊಳಗೆ ಗಾಳಿ ಮಾತ್ರ ಉಂಟು ಮಾರಾಯ. ಮಣ್ಣು ಒತ್ತಿ ಗೋಡೆ ಒಳಗೆ ಬೀಳದ ಹಾಗೆ ತಡೆಯುವ ಆನಿಕೆ ಅದು. ಕಾಂಕ್ರೀಟ್ ಮಾಳಿಗೆ ಬಂದ ಮೇಲೆ ತೆಗೀತಾರೆ."

ಸಂಜೀವ ಕುಂದಾಪುರದ ಕಡೆಯವನು. ಅಂಬತ್ತೂರಿನಲ್ಲಿ ಸೋದರಮಾವನ ಹೋಟೆಲು ಮುಚ್ಚುವ ತನಕ ಹದಿನೇಳು ವರ್ಷ ದೋಸೆ ಹುಯ್ದು, ಆಮೇಲೆ ವೆಲ್ಡಿಂಗ್ ಕಲಿತು ಈ ಹಳ್ಳಗಳಿಗೆ ಇಳಿದಿದ್ದ. ನಾಲ್ಕಕ್ಕೆ ಏಳುವ ಹೋಟೆಲಿನ ಚಟ ಮಾತ್ರ ಬಿಟ್ಟಿರಲಿಲ್ಲ.

ಬಿಸಿಲೇರಿದರೆ ಉಕ್ಕು ಹಿಗ್ಗಿ, ಮಣ್ಣಿನದಲ್ಲದ ಭಾರವನ್ನೂ ತೋರಿಸುತ್ತದೆ. ಹಾಗಾಗಿ ಬೆಳಗ್ಗೆ ಆರಕ್ಕೇ ಏಣಿ ಇಳಿದು, ಒಂದೊಂದು ಆನಿಕೆಗೂ ಮೀಟರು ಹಚ್ಚಿ ಅದು ಹೊತ್ತ ಭಾರವನ್ನು ಓದಬೇಕು. ಅದು ವರುಣನ ಕೆಲಸ. ಗಿಂಡಿಯ ಅವನ ಪೀಜಿಯಲ್ಲಿ ಅಷ್ಟು ಹೊತ್ತಿಗೆ ಏಳುತ್ತಿದ್ದದ್ದು ಅಲಾರಂ ಒಂದೇ. ಎಂಟಕ್ಕೆ ಬಂದು, ನಿನ್ನೆಯ ಅಂಕಿಗೆ ಒಂದೆರಡು ಟನ್ನು ಅಲ್ಲಿ ಕೂಡಿಸಿ ಇಲ್ಲಿ ಕಳೆದು ಬರೆದರೆ ಯಾರಿಗೆ ತಿಳಿದೀತು?

ಆ ಮಂಗಳವಾರವೂ ಏಳನೆಯ ಆನಿಕೆಗೆ ನೂರನಲವತ್ತೆರಡು ಟನ್ನು ಎಂದು ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟ. ಅಲ್ಲಿ ಆಗಲೇ ಸಂಜೀವನ ಕೈಬರಹದ ಹಾಳೆಯೊಂದಿತ್ತು. ಅದರಲ್ಲಿ ಅದೇ ಆನಿಕೆಗೆ ನೂರತೊಂಬತ್ತೇಳು. ಆರು ಗಂಟೆಗೆ ಮಿತಿ ಮೀರಿದ ಆ ಅಂಕಿ ಕಂಡವನೇ ಸಂಜೀವ "ಎಲ್ಲಾರೂ ಮೇಲ ವಾಂಗ!" ಎಂದು ಕೂಗಿ ಕೆಳಗಿದ್ದವರನ್ನೆಲ್ಲ ಹತ್ತಿಸಿದ್ದ. ಈಗ ಆ ಏಳನೆಯದರ ಪಕ್ಕದಲ್ಲಿ ಹೊಸ ಆನಿಕೆ ಕೂರಿಸುತ್ತಿದ್ದರು.

ಮ್ಯಾನೇಜರು ಎರಡೂ ಹಾಳೆಗಳನ್ನು ಜೋಡಿಸಿಟ್ಟರು. ಬೈದಿದ್ದರೆ ವಾಸಿಯಿತ್ತು. ಹೊರಗೆ ಚಹಾ ಕುಡಿಯುತ್ತ ನಿಂತವರ ಮುಖ ನೋಡಲಾರದೆ ವರುಣ ಅವರ ಲೋಟಗಳನ್ನು ಎಣಿಸಿದ. ಹನ್ನೊಂದು.

ಸಂಜೀವನ ಬಳಿ ಹೋಗಿ ಗೊಣಗಿದ: "ಇವತ್ತೊಂದಿನ ಹಿಂಗಾಯ್ತು, ಸಂಜೀವಣ್ಣ."

ಸಂಜೀವ ಲೋಟದೊಳಕ್ಕೆ ಊದಿದ.

"ನೀವು ದಿನಾ ಓದ್ತಿದ್ರಾ? ನನ್ನ ಮೇಲೆ ನಂಬಿಕೇನೇ ಇರ್ಲಿಲ್ವಾ?"

"ಇರ್ಲಿಲ್ಲ ಮಾರಾಯ. ಕೆಳಗೆ ಇಳಿದವನ ಬೂಟು ಕೆಸರಾಗ್ತದೆ. ನಿನ್ನದು ಈ ತಿಂಗಳಲ್ಲೇ ಒಂಬತ್ತು ದಿನ ಮಿಂಚ್ತಾ ಇತ್ತು."