ಕಾಲಿನ ಅಳತೆಗೆ ಕಟ್ಟಿದ ಬೆಟ್ಟದ ಸೈಕಲ್ಲು

ನಮ್ಮ ಯಜಮಾನರು ಸದಾಶಿವಯ್ಯನವರ ವಿಷಯ ಬರೆಯಲು ಕೂತರೆ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕು. ಆ ಸೈಕಲ್ಲಿನ ಹುಚ್ಚನ್ನು ಎರಡನೇ ಸಲ ಅವರ ತಲೆಗೆ ಹತ್ತಿಸಿದವಳು ನಾನೇ. ಅದೂ ಒಂದು ಪ್ಯಾಂಟಿನ ದೆಸೆಯಿಂದ.

ಅವರು ಕಡಕೊಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಾನು ಮಹದೇವಮ್ಮ, ಅಗ್ರಹಾರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಮದುವೆಯಾದ ಲಾಗಾಯ್ತು ಭಾನುವಾರ ಬೆಳಿಗ್ಗೆ ಈ ಮನುಷ್ಯ ಮನೆಯಲ್ಲಿ ಇದ್ದದ್ದನ್ನು ನಾನು ಕಂಡಿರಲಿಲ್ಲ. ಕಾಫಿ ಕುಡಿದು ಸೈಕಲ್ ಹತ್ತಿದರೆ ಚಾಮುಂಡಿ ಬೆಟ್ಟದ ತುದಿಯಲ್ಲೇ ಇಳಿಯುವುದು. ತೊಂಬತ್ತೊಂಬತ್ತರಲ್ಲಿ ನಂಜನಗೂಡು ರಸ್ತೆಯಲ್ಲಿ ಒಂದು ಟೆಂಪೋ ಅವರಿಗೆ ಗುದ್ದಿಬಿಟ್ಟಿತು. ಜೀವ ಉಳಿಯಿತು. ಎಡಗಾಲು ಒಂದಿಂಚು ಗಿಡ್ಡವಾಯಿತು, ಮಂಡಿ ಪೂರ್ತಿ ಮಡಚದಂತಾಯಿತು. ‘ಸೈಕಲ್ಲು ಇನ್ನು ಮರೆತುಬಿಡಿ’ ಎಂದರು ಡಾಕ್ಟರು. ಅವರ ಬಾಯಿಗೆ ಸಕ್ಕರೆ ಹಾಕಬೇಕು ಎಂದುಕೊಂಡೆ. ತಿಂಗಳುಗಟ್ಟಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಬೆನ್ನು ಬಿದ್ದುಹೋದವಳಿಗೆ ಅದಕ್ಕಿಂತ ಒಳ್ಳೆಯ ಮಾತು ಇನ್ನೇನು ಬೇಕಿತ್ತು?

ಆದರೆ ಅವರು ಭಾನುವಾರ ತಾರಸಿಗೆ ಹೋಗಿ ಬೆಟ್ಟ ನೋಡುತ್ತಾ ನಿಲ್ಲುವುದನ್ನು ಕಲಿತರು. ‘ಇಳಿದು ಬನ್ರೀ, ಉಪ್ಪಿಟ್ಟು ಆರಿಹೋಗ್ತದೆ’ ಎಂದರೆ ‘ಹ್ಞೂಂ’ ಎನ್ನುವರು, ಬರುತ್ತಿರಲಿಲ್ಲ. ಮೂರು ವರ್ಷ ಹೀಗೇ ನಡೆಯಿತು. ಬೈದಾಡುವ ಗಂಡನನ್ನು ಸಂಭಾಳಿಸಬಹುದು, ಸುಮ್ಮನಿರುವ ಗಂಡನನ್ನು ಏನು ಮಾಡುವುದು?

ಎರಡು ಸಾವಿರದ ಎರಡರಲ್ಲಿ, ಯುಗಾದಿಗೆ ಅವರಿಗೊಂದು ಪ್ಯಾಂಟು ಹೊಲಿಯುತ್ತಿದ್ದೆ. ಎಂದಿನಂತೆ ಅದರ ಎಡಗಾಲಿನ ಅಂಚನ್ನು ಒಂದಿಂಚು ಹೆಚ್ಚಿಗೆ ಮಡಚಿದೆ. ‘ಅಂಗಡಿ ಪ್ಯಾಂಟು ಯಾವುದೂ ನಂಗಾಗಲ್ಲ ಬುಡು’ ಎಂದರು ಮುಖ ಇಳಿಬಿಟ್ಟುಕೊಂಡು. ನನಗೆ ರೇಗಿತು.

‘ಆಗದೇ ಇದ್ರೆ ಅದು ಅಂಗಡಿಯವರ ತಪ್ಪು, ನಿಮ್ಮ ಕಾಲಿನ ತಪ್ಪಲ್ಲ. ಕಾಲಿಗೆ ತಕ್ಕ ಹಾಗೆ ಬಟ್ಟೆ ಕತ್ತರಿಸಬೇಕು, ಅಷ್ಟೇ ಕಣ್ರೀ!’

ಅವರು ಪ್ಯಾಂಟನ್ನು ನೋಡಿದರು, ಕಾಲನ್ನು ನೋಡಿದರು, ನನ್ನನ್ನು ನೋಡಿದರು. ‘ಹಂಗಾದ್ರೆ ಸೈಕಲ್ಲೂ ಅಷ್ಟೇ ಅಲ್ವೇನೇ?’ ಎಂದರು. ನಾಲಿಗೆ ಕಚ್ಚಿಕೊಂಡೆ. ಆದರೆ ಆಡಿದ ಮಾತನ್ನು ಬಿಚ್ಚಿ ಮತ್ತೆ ಹೊಲಿಯಲು ಬರುವುದಿಲ್ಲವಲ್ಲ.

ಅವತ್ತೇ ನನ್ನ ಟೇಪು ಮಾಯವಾಯಿತು. ಸ್ಟೂಲಿನ ಮೇಲೆ ಕೂತು ಎಡಮಂಡಿ ಎಷ್ಟು ಮೇಲೆ ಬರುತ್ತದೆ, ಪಾದ ಎಷ್ಟು ಕೆಳಗೆ ಮುಟ್ಟುತ್ತದೆ ಎಂದು ಅಳೆದು ಗೋಡೆಯ ಮೇಲೆ ಗೀಚಿದರು. ಅದೂ ಯುಗಾದಿಗೆಂದು ಸುಣ್ಣ ಹೊಡೆಸಿದ್ದ ಗೋಡೆಯ ಮೇಲೆ! ‘ಒಂದೇ ಒಂದು ಸಲ ನೋಡ್ತೀನಿ ಕಣೇ. ಬೆಟ್ಟ ಹತ್ತಕ್ಕಾಗದಿದ್ರೆ ಎಲ್ಲ ಗುಜರಿಗೆ ಹಾಕ್ಬುಡ್ತೀನಿ, ಮತ್ತೆ ಸೈಕಲ್ ಸುದ್ದಿ ಎತ್ತಲ್ಲ’ ಎಂದರು. ಗುಜರಿಗೇ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ.

ನಮ್ಮ ಬೀದಿಯ ಕೊನೆಯಲ್ಲಿ ಬೀರಯ್ಯನ ಸೈಕಲ್ ಶಾಪು. ಬೀರಯ್ಯ ಒಳ್ಳೆಯವನು, ಬಾಯಿ ಮಾತ್ರ ಸ್ವಲ್ಪ ಜೋರು. ‘ರೆಡಿ ಮೌಂಟನ್ ಬೈಕೇ ತರುಸ್ಕೊಡ್ತೀನಿ ಸಾ, ಏನ್ ಲುಕ್ಕು ಅಂತೀರಿ!’ ಎಂದ. ಇವರು ಒಪ್ಪಲಿಲ್ಲ. ಒಂದೊಂದೇ ಭಾಗ ಆರಿಸಿ ಕಟ್ಟಬೇಕು ಎಂದರು. ಅಲ್ಲಿಂದ ಆರು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ.

ಫ್ರೇಮು ಗುಜರಿಯಲ್ಲಿ ಸಿಕ್ಕಿತು. ಬೀರಯ್ಯ ದಪ್ಪನೆಯದೊಂದನ್ನು ಎತ್ತಿ ಹಿಡಿದು ‘ಆನೆ ಕೂತ್ರೂ ಬಗ್ಗಲ್ಲ’ ಎಂದ. ‘ಆನೆ ಕೂರೋದಿಲ್ಲವಲ್ಲಪ್ಪ, ನಾನು ಕೂರೋದು’ ಎಂದು ಇವರು ಹಗುರವಾದದ್ದನ್ನು ಆರಿಸಿ, ಬೆಸುಗೆ ಹಾಕಿದ ಜಾಗಗಳ ಮೇಲೆಲ್ಲ ಉಗುರು ಆಡಿಸಿ ನೋಡಿ ತಂದರು. ಟೈರಿಗೆ ಇನ್ನೊಂದು ಜಗಳ. ಬೀರಯ್ಯನಿಗೆ ಟ್ರ್ಯಾಕ್ಟರಿನ ಹಾಗೆ ದೊಡ್ಡ ದೊಡ್ಡ ಗುಬುಟು ಇರುವ ಟೈರೇ ಬೇಕು. ಬೆಟ್ಟದ ರಸ್ತೆ ಟಾರು, ಅಂಥ ಟೈರು ಕಾಲಿನ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ ಎಂದು ಇವರು ನಡುವೆ ನುಣುಪಾಗಿರುವುದನ್ನು ಹಿಡಿದರು. ಸೀಟನ್ನಂತೂ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಒತ್ತಿ ನೋಡುವಂತೆ ಒಂದು ಮಧ್ಯಾಹ್ನವೆಲ್ಲ ಒತ್ತಿ ನೋಡಿದರು. ಗೇರು ಬೆಂಗಳೂರಿನಿಂದ ಬಂತು. ಚೈನು ಸುತ್ತುವ ಹಲ್ಲುಚಕ್ರ ಮುಂದೆ ಚಿಕ್ಕದು, ಹಿಂದೆ ದೊಡ್ಡದು. ಎಷ್ಟು ತುಳಿದರೂ ಸೈಕಲ್ಲು ಆಮೆಯ ಹಾಗೆ ಹೋಗುತ್ತದೆ, ಆದರೆ ಕಾಲಿಗೆ ಭಾರವೇ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಫಜೀತಿ ಕ್ರ್ಯಾಂಕಿನದು. ಪೆಡಲನ್ನು ಹಿಡಿದುಕೊಳ್ಳುವ ಕಬ್ಬಿಣದ ತೋಳಿಗೆ ಹಾಗೆನ್ನುತ್ತಾರೆ. ಎಡಗಡೆಯದು ಗಿಡ್ಡವಾಗಿರಬೇಕು; ಆಗ ಪೆಡಲು ಸಣ್ಣ ಸುತ್ತು ಸುತ್ತುತ್ತದೆ, ಮಂಡಿ ಅಷ್ಟೊಂದು ಮಡಚಬೇಕಾಗಿಲ್ಲ, ಪಾದವೂ ಕೆಳಗೆ ಎಟುಕುತ್ತದೆ. ಕೊನೆಗೆ ಒಂದು ಮಕ್ಕಳ ಸೈಕಲ್ಲಿನಿಂದ ಎಡಗಡೆಯ ತೋಳನ್ನು ಬಿಚ್ಚಿ ಹಾಕಿದರು. ‘ಒಂದು ಕಡೆ ಅಪ್ಪಂದು, ಒಂದು ಕಡೆ ಮಗೀದು! ಇಂಥ ಸೈಕಲ್ಲ ನಮ್ಮಪ್ಪನಾಣೆಗೂ ನೋಡಿಲ್ಲ ಸಾ’ ಎಂದು ಬೀರಯ್ಯ ಹೊಟ್ಟೆ ಹಿಡಿದು ನಕ್ಕ. ನಮ್ಮವರೂ ನಕ್ಕರು. ಮೂರು ವರ್ಷದ ಮೇಲೆ ಅವರು ಬಾಯಿಬಿಟ್ಟು ನಕ್ಕದ್ದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ.

ಬ್ರೇಕು ಮಾತ್ರ ಚೌಕಾಸಿಯಿಲ್ಲದೆ ಅಂಗಡಿಯಲ್ಲಿದ್ದ ಅತಿ ಒಳ್ಳೆಯದನ್ನೇ ಹಾಕಿಸಿದರು. ‘ಇದು ನಿನಗೋಸ್ಕರ’ ಎಂದರು. ನನಗೇನು ಮಾಡುತ್ತದೆ ಬ್ರೇಕು ಎಂದು ಮುಖ ತಿರುಗಿಸಿಕೊಂಡೆ.

ದಸರಾ ಬಂತು. ವಿಜಯದಶಮಿ ಕಳೆದ ಭಾನುವಾರ ಬೆಟ್ಟ ಹತ್ತುವುದು ಎಂದು ಗೊತ್ತುಮಾಡಿದರು. ಆಯುಧಪೂಜೆಯ ದಿನ ಅವರು ಕಾರ್ಖಾನೆಯ ಪೂಜೆಗೆ ಹೋದರು, ಮನೆಯ ಪೂಜೆ ನನ್ನ ಪಾಲಿಗೆ. ಹೊಲಿಗೆ ಮಿಷನ್ನು, ಕತ್ತರಿ, ಈಳಿಗೆಮಣೆ ಎಲ್ಲ ತೊಳೆದು ಒರೆಸಿ ಎಣ್ಣೆ ಸವರಿದೆ. ಪಾಪ, ಇದೂ ಒಂದು ಆಯುಧವೇ ತಾನೇ ಎಂದು ಸೈಕಲ್ಲಿಗೂ ಸವರಿದೆ. ಚೈನಿಗೆ ಮಿಷನ್ ಎಣ್ಣೆ ಬಿಟ್ಟೆ. ಚಕ್ರದ ರಿಮ್ಮುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಕಾಣುವಂತೆ ಉಜ್ಜಿದೆ. ವಿಭೂತಿ ಬಳಿದು, ಚೆಂಡುಹೂವು ಮುಡಿಸಿ, ಗಾಲಿಗೆ ನಿಂಬೆಹಣ್ಣು ಇಟ್ಟೆ. ಸಾಯಂಕಾಲ ಇವರು ಬಂದು ನೋಡಿ ‘ಮದುವೆ ಹೆಣ್ಣಿನ ಹಾಗಿದೆ’ ಎಂದರು.

ಭಾನುವಾರ ಬೆಳಿಗ್ಗೆ ಹೂವು ತೆಗೆದು ಬೀದಿಗಿಳಿಸಿ, ಹತ್ತಿ, ನಾಲ್ಕು ಸಲ ತುಳಿದು ಬ್ರೇಕ್ ಹಿಡಿದರು. ಸೈಕಲ್ಲು ನಿಲ್ಲಲಿಲ್ಲ. ಬೆಣ್ಣೆಯ ಮೇಲೆ ಜಾರಿದಂತೆ ಜಾರಿಕೊಂಡು ಹೋಗಿ ಬೀರಯ್ಯನ ಅಂಗಡಿ ಮುಂದೆ ಒಟ್ಟಿದ್ದ ಟೈರಿನ ರಾಶಿಗೆ ಮೂತಿ ಹಾಕಿತು. ನಾನು ಹಿಂದೆಯೇ ಓಡಿದೆ. ಏಟೇನೂ ಆಗಿರಲಿಲ್ಲ. ಅವರು ಇಳಿದು ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ‘ಇಷ್ಟ ಇಲ್ಲದಿದ್ರೆ ಬಾಯಲ್ಲೇ ಹೇಳ್ಬಹುದಾಗಿತ್ತಲ್ಲೇ’ ಎಂದರು.

ನನ್ನ ಮೈ ಉರಿದುಹೋಯಿತು. ‘ಏನಂದ್ರಿ? ಬೇಕು ಅಂತ ಹಚ್ಚಿದೀನಾ? ನಿಮ್ಮ ಪ್ರಾಣದ ಜೊತೆ ಆಟ ಆಡ್ತೀನಾ ನಾನು?’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಬ್ರೇಕು ರಿಮ್ಮನ್ನೇ ಹಿಡಿಯುತ್ತದೆ ಎಂಬುದು ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಆದರೆ ಸುಳ್ಳು ಯಾಕೆ ಹೇಳಲಿ? ಸೈಕಲ್ಲು ಟೈರಿನ ರಾಶಿಗೆ ಹೋಗಿ ನಿಂತಾಗ, ಸದ್ಯ, ಇನ್ನು ಬೆಟ್ಟದ ಕಾಟ ತಪ್ಪಿತು ಎಂದು ಒಂದು ಗಳಿಗೆ ನನಗೆ ನೆಮ್ಮದಿಯಾದದ್ದು ನಿಜ. ಅವರು ನನ್ನ ಮುಖ ನೋಡಿದರು. ಅದು ಅವರಿಗೆ ತಿಳಿದುಹೋಯಿತು ಅನ್ನಿಸಿತು. ಸೈಕಲ್ಲನ್ನು ಮನೆಗೆ ತಳ್ಳಿಕೊಂಡು ಬಂದು ಗೋಡೆಗೆ ಒರಗಿಸಿ ಮೆಟ್ಟಿಲ ಕಡೆ ಹೊರಟರು, ತಾರಸಿಗೆ.

ಅದೊಂದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. ‘ನಿಂತ್ಕೊಳ್ರೀ ಅಲ್ಲೇ!’ ಎಂದೆ. ಹಂಡೆಯಿಂದ ಬಿಸಿನೀರು ತೋಡಿದೆ, ಸೀಗೆಪುಡಿಯ ಡಬ್ಬ ತಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಎರಡೂ ರಿಮ್ಮುಗಳನ್ನು ತಿಕ್ಕತೊಡಗಿದೆ. ಬೀರಯ್ಯ ಹೊಸ ಬ್ರೇಕ್ ರಬ್ಬರು ಹಿಡಿದು ಓಡಿ ಬಂದ.

‘ಅಕ್ಕಾ, ಎಣ್ಣೆಸ್ನಾನ ದೀಪಾವಳೀಲಿ ಕಣಕ್ಕಾ, ದಸರಾಕಲ್ಲ!’

‘ಬಾಯ್ಮುಚ್ಕೊಂಡು ರಬ್ಬರ್ ಹಾಕೋ’ ಎಂದೆ. ಮೂರು ನೀರು ಹಾಕಿ ತೊಳೆದು, ಹಳೆಯ ಬಟ್ಟೆಯಿಂದ ಕೀಚು ಕೀಚು ಎನ್ನುವ ತನಕ ಒರೆಸಿದೆ. ನಮ್ಮವರು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಎಂಟು ಗಂಟೆಗೆ ಹೊರಟರು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಬೆಟ್ಟದ ಬಸ್ಸು ಹಿಡಿದೆ.

ಬಸ್ಸು ದಾರಿಯಲ್ಲಿ ಅವರನ್ನು ದಾಟಿತು. ಕಾಲು ಗಿರಗಿರ ತಿರುಗುತ್ತಿತ್ತು, ಸೈಕಲ್ಲು ಮಾತ್ರ ಇರುವೆಯಂತೆ ತೆವಳುತ್ತಿತ್ತು. ಮೇಲೆ ಹೋಗಿ ದೇವಸ್ಥಾನದ ಕಡೆಗೂ ತಿರುಗದೆ ರಸ್ತೆಯನ್ನೇ ನೋಡುತ್ತಾ ನಿಂತೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಗುಜರಿಗೇ ಹೋಗಲಿ ಎಂದು ಹರಕೆ ಹೊತ್ತಿದ್ದವಳು ಈಗ ‘ಬರಲಪ್ಪಾ, ಹತ್ತಿ ಬರಲಪ್ಪಾ’ ಎಂದು ಒಂದೇ ಸಮನೆ ಗೊಣಗುತ್ತಿದ್ದೆ. ಬಂದರು. ಅಂಗಿ ಮೈಗೆ ಅಂಟಿಕೊಂಡಿತ್ತು, ಮುಖ ಕೆಂಡದ ಹಾಗಿತ್ತು.

‘ಎಲ್ಲೂ ಕಾಲು ಕೆಳಗಿಡ್ಲಿಲ್ಲ ಕಣೇ’ ಎಂದರು, ಏದುಸಿರು ಬಿಡುತ್ತಾ.

ನಾನು ಅಳುತ್ತಾ ನಗುತ್ತಾ ನೀರಿನ ಬಾಟಲಿ ಕೊಟ್ಟೆ. ಅಷ್ಟರಲ್ಲಿ ಕೆಳಗಿಳಿಯುವ ಬಸ್ಸು ಬಂತು. ಹತ್ತುವುದೇನೋ ಸರಿ, ಈ ತಿರುವುಗಳಲ್ಲಿ ಇಳಿಯುವುದು? ಕಂಡಕ್ಟರನ್ನು ಕೇಳಿದೆ, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಬಹುದೇ ಎಂದು. ‘ಹಾಕೋಣ ಬನ್ನಿ ಅಮ್ಮಾ’ ಎಂದ. ನಮ್ಮವರು ಸೈಕಲ್ಲನ್ನು ಬಸ್ಸಿನ ಹತ್ತಿರಕ್ಕೆ ತಂದರು. ‘ನಿಂಗೆ ಭಯ ಅಂದ್ರೆ ಹಾಕ್ಬುಡೋಣ’ ಎಂದರು.

ನಾನು ಹ್ಯಾಂಡಲ್ಲು ಕಿತ್ತುಕೊಂಡೆ. ಎರಡೂ ಬ್ರೇಕು ಒತ್ತಿ ಹಿಡಿದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಮುಂದಕ್ಕೆ ನೂಕಿದೆ. ಚಕ್ರ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ. ಇನ್ನೊಂದು ಸಲ ನೂಕಿದೆ. ತಿರುಗಲಿಲ್ಲ. ಹ್ಯಾಂಡಲ್ಲನ್ನು ಅವರ ಕೈಗೆ ಕೊಟ್ಟು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ.

ಕಂಡಕ್ಟರು ಹಿಂದೆಯೇ ಬಂದ. ‘ಯಜಮಾನ್ರು ಕಾಲು ಎಳೀತಾರಲ್ಲಮ್ಮ, ಸೈಕಲ್ಲನ್ನ ಬಸ್ ಮೇಲೆ ಹಾಕ್ಕೊಳ್ಳಲ್ವಾ?’ ಎಂದ.

‘ಬೇಡಪ್ಪ, ಅವರು ಅದರಲ್ಲೇ ಬರ್ತಾರೆ’ ಎಂದೆ. ‘ನಂಗೊಬ್ಬಳಿಗೆ ಟಿಕೆಟ್ ಕೊಡು.’