ಬುಧವಾರ ಮಧ್ಯಾಹ್ನ ಮಾತ್ರ

ಕೂಪನ್ ಅತ್ತಿಗೆ ಎಂದರೆ ಆ ಬೀದಿಯಲ್ಲಿ ಬೇರೆ ಗುರುತು ಬೇಕಿರಲಿಲ್ಲ. ಪರದೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪರದೆಗಳ ಅಂಚು ಹೊಲಿಯುವುದು ಅವಳ ಕೆಲಸ. ಹೊಲಿಗೆ ಯಂತ್ರದ ಪಕ್ಕದಲ್ಲೇ ಫೋನು. ಬೆಳಗಾದರೆ ಅದರಲ್ಲಿ ಆ ದಿನದ ಆಫರುಗಳು ಬಂದು ಬೀಳುತ್ತಿದ್ದವು. ಒಂದೊಂದರ ಕೆಳಗೂ ಉಳಿದ ಸಮಯ ಕರಗುತ್ತಿದ್ದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅರ್ಧ ಬೆಲೆಗೆ ಸೋಪು, ಕಾಲು ಬೆಲೆಗೆ ಹೊದಿಕೆ, ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಹನ್ನೆರಡು ಜನರ ಊಟದ ತಟ್ಟೆ. ಅಕ್ಕಪಕ್ಕದವರು ನಗುತ್ತಿದ್ದರು. ನಕ್ಕವರೇ ಸಂಜೆ ಬಂದು, "ನಮಗೂ ಒಂದು ಹಿಡಿದುಕೊಡಿ ಅತ್ತಿಗೆ" ಎಂದು ಹಲ್ಲು ಗಿಂಜುತ್ತಿದ್ದರು. ಗಂಡನದು ಗಡಿಯಾರ ರಿಪೇರಿ. ಈ ಕಾಲದಲ್ಲಿ ಆ ಕಸುಬು ನಂಬಿಕೊಂಡೂ ಮನೆ ನಡೆದದ್ದು ಅವಳ ಚುರುಕಿನಿಂದಲೇ, ಇದು ನಕ್ಕವರಿಗೂ ಗೊತ್ತಿತ್ತು.

"ಬಲಗಡೆ ಇಟ್ಟ ಸ್ಕ್ರೂಗಳು ಮಾಯ ಆಗ್ತಿವೆ ಕಣೆ" ಎಂದು ಗಂಡ ಒಂದು ದಿನ ಗೊಣಗಿದ. ಬಲ್ಬು ಮಂಕಾಗಿದೆಯೆಂದು ಅವಳು ಅರ್ಧ ಬೆಲೆಗೆ ಟೇಬಲ್ ಲ್ಯಾಂಪ್ ತರಿಸಿದಳು. ಸ್ಕ್ರೂಗಳು ಮಾಯವಾಗುತ್ತಲೇ ಇದ್ದವು. ಆಮೇಲಾಮೇಲೆ ಅವನು ಬಾಗಿಲ ಚೌಕಟ್ಟಿಗೂ ಬಲಭುಜ ಬಡಿಸಿಕೊಳ್ಳತೊಡಗಿದ. ಆಗ ಅವಳಿಗೆ ಹೊಳೆಯಿತು, ದೋಷ ಬಲ್ಬಿನದಲ್ಲ, ಕಣ್ಣಿನದು. ಅಷ್ಟರಲ್ಲೇ ಫೋನಿನಲ್ಲಿ ಬಂತು, ಕಣ್ಣಾಸ್ಪತ್ರೆಯಲ್ಲಿ ಪೂರ್ತಿ ತಪಾಸಣೆ, ಕಾಲು ಬೆಲೆಗೆ, ಇವತ್ತೊಂದೇ ದಿನ. ಹಿಂದೆಮುಂದೆ ನೋಡದೆ ಆ ಕೂಪನ್ನಿಗೆ ದುಡ್ಡು ಕಟ್ಟಿದಳು.

ಆಸ್ಪತ್ರೆಗೆ ಫೋನು ಮಾಡಿದರೆ ಒಂದು ಹುಡುಗಿಯ ದನಿ, "ಕೂಪನ್‌ನವರಿಗೆ ಬುಧವಾರ ಮಧ್ಯಾಹ್ನ ಮಾತ್ರ ಮೇಡಂ. ಈ ತಿಂಗಳು ಫುಲ್ ಆಗಿದೆ." ಮುಂದಿನ ತಿಂಗಳು ಒಂದು ಬುಧವಾರ ಸಿಕ್ಕಿತು. ಆ ದಿನ ಡಾಕ್ಟರು ರಜೆ. ಮತ್ತೆ ಸಾಲಿನ ಕೊನೆಗೆ.

"ಪೂರ್ತಿ ದುಡ್ಡು ಕೊಟ್ರೆ?" ಎಂದು ಅವಳು ಕೇಳಿದಳು.

"ನಾಳೆ ಬೆಳಿಗ್ಗೆನೇ ಬನ್ನಿ."

"ಕೂಪನ್ನಿಗೆ ಕೊಟ್ಟಿದ್ದು?"

"ಅದು ವಾಪಸ್ ಬರಲ್ಲ ಮೇಡಂ."

ಅವಳು ಫೋನು ಹಿಡಿದುಕೊಂಡೇ ಗಂಡನ ಮುಖ ನೋಡಿದಳು. "ನೋವಿಲ್ಲ, ಉರಿಯಿಲ್ಲ, ಏನವಸರ? ಕೊಟ್ಟ ದುಡ್ಡನ್ನ ಯಾಕೆ ನೀರಲ್ಲಿ ಹಾಕ್ತೀಯ?" ಎಂದ ಅವನು. ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು. ಇದನ್ನು ಜಿಪುಣತನ ಎನ್ನಲು ನನಗೆ ಬಾಯಿ ಬಾರದು. ಎಷ್ಟೋ ವರ್ಷ ಕಾದು, ಹಿಡಿದು, ಉಳಿಸಿ ಸಂಸಾರ ದಡ ಸೇರಿಸಿದವಳಿಗೆ, ಕಾಯುವುದೇ ತಪ್ಪಾಗುವ ದಿನವೊಂದು ಬರುತ್ತದೆಂದು ಹೇಳುವವರು ಯಾರಿದ್ದರು?

ಕೂಪನ್ನಿನ ಅವಧಿ ಮುಗಿಯುವ ವಾರ ಅವರ ಸರದಿ ಬಂತು. ಅಂದು ಪೂರ್ತಿ ದುಡ್ಡು ಕೊಟ್ಟವರೆಲ್ಲ ಗಾಜಿನ ಬಾಗಿಲಿನಿಂದ ಒಳಹೋಗುತ್ತಿದ್ದರು, ಕೂಪನ್ನಿನವರು ಕಾರಿಡಾರಿನ ಬೆಂಚಿನಲ್ಲಿ. ಒಳಗೆ ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಇನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿ ಹಿಂದೆ ಸರಿಸಿದರು.

"ಒಳಗಿನ ಒತ್ತಡ ಏರಿ ನರ ಹಾಳಾಗಿದೆ. ಬಲಗಣ್ಣಲ್ಲಿ ಹೋಗಿದ್ದು ಇನ್ನು ಬರಲ್ಲ. ಎಡಗಣ್ಣನ್ನ ಹನಿ ಹಾಕಿ ಉಳಿಸ್ಕೋಬೇಕು. ಎರಡು ಮೂರು ತಿಂಗಳು ಮುಂಚೆ ಬಂದಿದ್ರೆ ಇಷ್ಟು ಹೋಗ್ತಿರ್ಲಿಲ್ಲ. ಯಾಕೆ ತಡ ಮಾಡಿದ್ರಿ?"

ಅವಳು ಕೈಯಲ್ಲಿದ್ದ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ತಡ ಏನಿಲ್ಲ ಡಾಕ್ಟ್ರೇ" ಎಂದ ಗಂಡ. ಅವನಿಗೆ ಹೆಂಡತಿಯ ಮೇಲೆ ಮಾತು ಬಂದದ್ದು ಸರಿಬರಲಿಲ್ಲ. "ಇವಳು ಆಗಲೇ ಬುಕ್ ಮಾಡಿಟ್ಟಿದ್ಲು. ಅದೂ ಕಾಲು ಬೆಲೆಗೆ. ಇವಳಿಲ್ದಿದ್ರೆ ನಾನು ಈ ಕಡೆ ತಲೆನೂ ಹಾಕ್ತಿರ್ಲಿಲ್ಲ."

ಹಾಗೆಂದು ಹೆಮ್ಮೆಯಿಂದ ನಕ್ಕ. ಅವಳು ಕೂತಿದ್ದು ಅವನ ಬಲಗಡೆ. ಅವಳು ಅಳುತ್ತಿದ್ದುದು ಅವನಿಗೆ ಕಾಣಲಿಲ್ಲ.