ಎಣ್ಣೆ ಮುಟ್ಟಿಸಿದ ಬ್ರೇಕು

ಸುರಪುರದ ಹತ್ತಿರದ ಆ ಹಳ್ಳಿಯಲ್ಲಿ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಸಿಕ್ಕ ಸಿಕ್ಕ ಟಂಟಂ ಆಟೋ ಹತ್ತುವವರಲ್ಲ. ಮರಿಲಿಂಗಪ್ಪನ ಗಾಡಿ ಬರುವ ತನಕ ಬುತ್ತಿಗಂಟು ಹಿಡಿದು ಊರಬಾಗಿಲ ಅಗಸಿಯಲ್ಲಿ ನಿಂತೇ ಇರುತ್ತಾರೆ. ಅವನೇನು ನಗುನಗುತ್ತ ಮಾತಾಡುವ ಆಸಾಮಿಯಲ್ಲ. ಹಾಡು ಹಚ್ಚುವುದಿಲ್ಲ, ಜೋರಾಗಿ ಹೊಡಿ ಅಂದರೆ ಮುಖ ಗಂಟು ಹಾಕುತ್ತಾನೆ. ಆದರೆ ಬ್ರೇಕಿನ ಕೆಲಸವನ್ನು ಮಾತ್ರ ಇನ್ನೊಬ್ಬರ ಕೈಗೆ ಕೊಡದೆ ಮನೆಯಂಗಳದಲ್ಲಿ ತಾನೇ ಮಾಡುತ್ತಾನೆ. ಇದು ಎಲ್ಲರಿಗೂ ಗೊತ್ತು.

ಕಾರಣವೂ ಗೊತ್ತು. ಅವನ ತಂಗಿ ಮಲ್ಲೇಶ್ವರಿ ಕೂಲಿಗೆ ಹೋಗುತ್ತಿದ್ದ ಗಾಡಿ ಗುಡ್ಡದ ಇಳಿಜಾರಿನಲ್ಲಿ ನಿಲ್ಲದೆ ಹಳ್ಳಕ್ಕೆ ಬಿತ್ತು. ಹಿಂದಿನ ದಿನವಷ್ಟೇ ಅದರ ಬ್ರೇಕು ನೋಡಿದ ಪುಣ್ಯಾತ್ಮ ಯಾರೋ 'ನಡೀತದ' ಅಂದಿದ್ದನಂತೆ. ಏನು ನಡೆಯಿತು? ಮಣ್ಣು! ಆ ಮಾತು ಕಿವಿಗೆ ಬಿದ್ದರೆ ಮರಿಲಿಂಗಪ್ಪನಿಗೆ ಇಂದಿಗೂ ಮೈ ಉರಿಯುತ್ತದೆ. ತಂಗಿಯನ್ನು ಮಣ್ಣು ಮಾಡಿ ಬಂದವನು ಸೈದಾಪುರದ ಕಡೆಯ ಫ್ಯಾಕ್ಟರಿ ಕೆಲಸ ಬಿಟ್ಟು ಈ ಹಳೆಯ ಟಂಟಂ ಕೊಂಡ. ತಾಯಿ ಭೀಮವ್ವ ಅಂದಿನಿಂದ ಯಾವ ಗಾಡಿಯನ್ನೂ ಹತ್ತಲಿಲ್ಲ, ಮಗನದನ್ನೂ. ಸಂತೆಗೆ ಬಿಸಿಲಲ್ಲಿ ನಡೆದೇ ಹೋಗುತ್ತಾಳೆ.

ಬ್ರೇಕಿಗೆ ಕೈ ಹಾಕಿದಾಗಲೆಲ್ಲ ಮರಿಲಿಂಗಪ್ಪನದು ಒಂದು ಪದ್ಧತಿ. ಹೆಣ್ಣುಮಕ್ಕಳ ಭಾರದಷ್ಟು ಉಸುಕಿನ ಚೀಲ ಹೇರಿಕೊಂಡು ಊರ ಹೊರಗಿನ ಇಳಿಜಾರಿನಲ್ಲಿ ಒಬ್ಬನೇ ಇಳಿಯುತ್ತಾನೆ. ಅರ್ಧದಲ್ಲಿ ಬ್ರೇಕು ತುಳಿಯುತ್ತಾನೆ. ಗಾಡಿ ನಿಂತರೆ ಮಾತ್ರ ಮರುದಿನ ಜನರನ್ನು ಹತ್ತಿಸಿಕೊಳ್ಳುವುದು. ಉಸುಕಿಗೆ ಊರು ತೋರಿಸುತ್ತಾನೆಂದು ಕಟ್ಟೆಯ ಮೇಲಿನವರು ನಗುತ್ತಾರೆ. ನಗಲಿ.

ಈ ಸಲ ಹತ್ತಿಯ ಹಂಗಾಮಿಗೆ ಮುಂಚೆ ಶಹಾಪುರಕ್ಕೆ ಹೋಗಿ, ಗಾಲಿಯ ಡ್ರಮ್ಮಿಗೆ ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ, ಮಾಮೂಲಿಗಿಂತ ಗಟ್ಟಿ ಪಟ್ಟಿಯ ಹೊಸವನ್ನು ತಂದ. ಬೇವಿನ ಮರದ ಕೆಳಗೆ ಜಾಕ್ ಏರಿಸಿ, ಗಾಲಿ ಬಿಚ್ಚಿ, ಡ್ರಮ್ಮಿನೊಳಗಿನ ಧೂಳು ಒರೆಸಿದ. ಹೊಸ ಶೂಗಳನ್ನು ಗೋಣಿತಟ್ಟಿನ ಮೇಲಿಟ್ಟು ರೊಟ್ಟಿ ತಿನ್ನಲು ಒಳಗೆ ಹೋದ. ತಿರುಗಿ ಬಂದಾಗ ಪಟ್ಟಿಗಳು ಮೊದಲಿಗಿಂತ ಕಪ್ಪಗೆ ಕಂಡವು. ಹೊಸ ತರಹದ ಮಾಲು, ಬಿಸಿಲಿಗೆ ಹೀಗೇ ಕಾಣುತ್ತದೇನೋ ಅಂದುಕೊಂಡ. ಪಟ್ಟಿಗೆ ಬೆರಳು ತಾಗದಂತೆ, ಕಬ್ಬಿಣದ ಅಂಚು ಹಿಡಿದು ಜೋಪಾನವಾಗಿ ಕೂಡಿಸಿದ.

ಸಂಜೆ ಚೀಲ ಹೇರಿ ಇಳಿಜಾರಿಗೆ ಬಂದ. ಬ್ರೇಕು ತುಳಿದರೆ ಪೆಡಲು ಗಟ್ಟಿಯಾಗಿಯೇ ಇತ್ತು, ಗಾಡಿ ಮಾತ್ರ ನಿಲ್ಲಲೊಲ್ಲದು. ಕೈಬ್ರೇಕು ಎಳೆದರೂ ಅಷ್ಟೇ. ರಸ್ತೆ ಪಕ್ಕದಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆಯ ರಾಶಿಗೆ ಗಾಡಿ ನುಗ್ಗಿಸಿದ. ಅದು ಗಕ್ಕನೆ ನಿಂತಾಗ ಹಿಂದೆ ಚೀಲಗಳು ಒಂದರ ಮೇಲೊಂದು ಉರುಳಿ ಬಿದ್ದವು. ಅವನ್ನು ನೋಡುತ್ತಿದ್ದಂತೆ ದಿನಾ ಅಲ್ಲಿ ಕೂಡುವ ಒಬ್ಬೊಬ್ಬರ ಮುಖವೂ ಕಣ್ಣೆದುರು ಬಂತು. ರಸ್ತೆಯಲ್ಲೇ ಕುಕ್ಕರಿಸಿದ.

ಆಮೇಲೆ ಗಾಲಿ ಬಿಚ್ಚಿದರೆ ಸುಟ್ಟ ಎಣ್ಣೆಯ ವಾಸನೆ. ಕುಸುಬಿ ಎಣ್ಣೆ. ಅವನ ಮನೆಯಲ್ಲಿ ದೇವರ ದೀಪಕ್ಕೆ ಹಾಕುವುದು ಅದನ್ನೇ. ಕುಡುಗೋಲಿರಲಿ, ಕೊಡಲಿಯಿರಲಿ, ಹೊಸ ಕಬ್ಬಿಣ ಬಂದರೆ ದೇವರ ಎಣ್ಣೆ ಮುಟ್ಟಿಸಿಯೇ ಭೀಮವ್ವ ಕೆಲಸಕ್ಕೆ ಇಳಿಸುವವಳು. ಅವನಿಗೆ ಎಲ್ಲವೂ ತಿಳಿಯಿತು.

ಹೇಳಿದರೆ ಮುದುಕಿ ತಡೆದುಕೊಳ್ಳುತ್ತಾಳೆಯೇ? ಮಗಳನ್ನು ಬ್ರೇಕಿಗೆ ಕಳೆದುಕೊಂಡ ಜೀವ. ಹೇಳದಿದ್ದರೆ ಮುಂದಿನ ಸಲವೂ ಮುಟ್ಟಿಸುತ್ತಾಳೆ. ಬಾಯಿ ಮುಚ್ಚಿಕೊಂಡು ಸುಮ್ಮನಿದ್ದರೆ, ಅಂದು 'ನಡೀತದ' ಅಂದವನಿಗೂ ತನಗೂ ಏನು ಫರಕು? ಎಣ್ಣೆ ಹೀರಿದ ಶೂ ಹಿಡಿದು ಮರಿಲಿಂಗಪ್ಪ ಮನೆಗೆ ಬಂದು ತಾಯಿಯ ಮುಂದೆ ಕುಳಿತ.

"ಅವ್ವಾ, ಇದಕ್ಕ ಎಣ್ಣಿ ಹಚ್ಚಿದ್ದೇನು?"

"ಹೊಸ ಕಬ್ಬಿಣ ಅಲ್ಲೇನಪಾ? ಬರೇ ಮುಟ್ಟಿಸಿ ಒರಿಸೇನಿ. ಮಲ್ಲಿಗಾದಂಗ ನಿನಗ ಆಗಬಾರದು ಅಂತ."

"ಎಣ್ಣಿ ಕುಡದ್ರ ಇದು ಜಾರ್ತದವ್ವಾ. ಇವತ್ತ ಗಾಡಿ ನಿಲ್ಲಲಿಲ್ಲ."

ಭೀಮವ್ವ ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು. ತಟ್ಟೆಗೆ ಹಾಕಿದ ಅನ್ನ ಹಾಗೇ ಆರಿತು. ತಪ್ಪು ನಿನ್ನದಲ್ಲ, ಬಣ್ಣ ಬದಲಾದದ್ದು ಕಂಡೂ ನಾನೇ ಕೂಡಿಸಿದೆ ಎಂದು ಮಗ ಎಷ್ಟು ಹೇಳಿದರೂ ಅವಳ ಕಿವಿಗೆ ಹೋದಂತೆ ಕಾಣಲಿಲ್ಲ.

ಮರುದಿನ ಅವನು ಮತ್ತೆ ಶಹಾಪುರಕ್ಕೆ ಹೋಗಿ ಅಂಥವೇ ಶೂ ತಂದ. ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಕೂಡಿಸುವ ತನಕ ಭೀಮವ್ವ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದಲ್ಲೇ ಕಾವಲು ಕುಳಿತಳು. ಬಳಿಕ ಇಳಿಜಾರಿನವರೆಗೂ ನಡೆದುಕೊಂಡು ಬಂದಳು. ಚೀಲ ಹೊತ್ತ ಗಾಡಿ ಈ ಸಲ ಹೇಳಿದ ಕಡೆ ನಿಂತಿತು. ತಿರುಗಿ ಮೇಲೆ ಬಂದಾಗ ಅವಳು ರಸ್ತೆಗೆ ಅಡ್ಡ ನಿಂತಿದ್ದಳು.

"ಒಂದ್ ಚೀಲ ಇಳಸು. ನಾ ಕೂಡ್ತೀನಿ."

ಬೇಡವೆಂದು ಹೇಳಿ ನೋಡಿದ. ಅವಳು ಆಗಲೇ ಸರಳು ಹಿಡಿದು ಒಂದು ಕಾಲು ಮೇಲಿಟ್ಟಿದ್ದಳು. ಚೀಲ ಇಳಿಸಿ, ತಾಯಿಯನ್ನು ಹತ್ತಿಸಿಕೊಂಡು ನಿಧಾನವಾಗಿ ಇಳಿದ. ನಿನ್ನೆ ನಿಲ್ಲದ ಜಾಗದಲ್ಲೇ ಬ್ರೇಕು ತುಳಿದ. ಗಾಡಿ ನಿಂತಿತು.

ಭೀಮವ್ವ ಇಳಿಯಲಿಲ್ಲ. ಪಕ್ಕದ ಚೀಲದ ಮೇಲೆ ಅಂಗೈ ಇಟ್ಟುಕೊಂಡು ಕುಳಿತೇ ಇದ್ದಳು.

"ಹಿಂಗ ನಿಂತಿದ್ರ ಸಾಕಿತ್ತು," ಅಂದಳು, "ನಮ್ಮ ಮಲ್ಲಿ ಕುಂತ ಗಾಡಿ."

ಬ್ರೇಕಿನ ಮೇಲಿಟ್ಟ ಕಾಲು ತೆಗೆಯದೆ ಮರಿಲಿಂಗಪ್ಪ ಅತ್ತ. ತಂಗಿ ಸತ್ತ ಮೇಲೆ ಅವನು ತಾಯಿಯ ಮುಂದೆ ಅತ್ತದ್ದು ಅದೇ ಮೊದಲು.